ಸಾಮಿಲ್‌ಗೆ ಬೇಡವಾದ ಮರ ನಿಮಗೂ ಬೇಡವೇ?

ಪ್ರಶ್ನೆ: ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯ ದಕ್ಷಿಣ ಭಾಗದಲ್ಲಿ ಐದು ಎಕರೆ ಜಾಗ ಇರುವ ಮನೆ ಕೊಂಡಿದ್ದೇವೆ. ಅರ್ಧಕ್ಕಿಂತ ಜಾಸ್ತಿ ಕಾಡೇ ಇದೆ. ಹಿಂದೆ ಒಂದು ಹಳ್ಳ ಹರಿಯುತ್ತದೆ. ಪಕ್ಕದ ಮನೆಯವರು ಕುದುರೆ ಸಾಕಿದ್ದಾರೆ. ಮರ ಕಡಿಯುವವರು ಬಂದು ನೋಡಿ, ಓಕ್ ಮತ್ತು ಟ್ಯುಲಿಪ್ ಪಾಪ್ಲರ್ ಬಿಟ್ಟು ಉಳಿದದ್ದೆಲ್ಲ ಜಂಕ್, ತೆಗೆಸಿಬಿಡಿ ಎಂದರು. ಅವರ ಪಟ್ಟಿಯಲ್ಲಿ ರೆಡ್ ಮೇಪಲ್, ಬ್ಲ್ಯಾಕ್‌ಗಮ್, ಬ್ಲ್ಯಾಕ್ ಚೆರ್ರಿ, ಬಾಕ್ಸ್‌ಎಲ್ಡರ್, ಸ್ಯಾಸಫ್ರಾಸ್, ಪರ್ಸಿಮನ್, ರೆಡ್‌ಸೀಡರ್, ಹಾಪ್‌ಹಾರ್ನ್‌ಬೀಮ್ ಇವೆ. ಹಳ್ಳದ ಪಕ್ಕದ ಪಾಪಾ ಗಿಡಗಳನ್ನು 'ಪೊದೆ' ಎಂದು ಬರೆದಿದ್ದಾರೆ. ಫೋನಿನ ಆ್ಯಪ್ ನೋಡಿದರೆ ಎಲ್ಲವೂ ಇಲ್ಲಿನ ಸ್ಥಳೀಯ ಮರಗಳೇ. ತೆಗೆಸಬೇಕಾ, ಬೇಡವಾ?

ಉತ್ತರ: ಪಟ್ಟಿಯನ್ನು ಹಾಗೇ ಒಪ್ಪಿಕೊಂಡು ತೆಗೆಸಬೇಡಿ. ಅದರಲ್ಲಿ ಕೆಲವು ಮರ ಹೋಗಬಹುದು, ಕೆಲವು ಹೋಗಲೇಬೇಕಾಗಬಹುದು. ಆದರೆ ಅದನ್ನು ಮರದ ಜಾತಿ ನೋಡಿ ತೀರ್ಮಾನ ಮಾಡಲು ಬರುವುದಿಲ್ಲ. ಒಂದೊಂದು ಮರದ ಬುಡಕ್ಕೂ ಹೋಗಿ ನಿಂತು ನೋಡಬೇಕು.

ಮೊದಲು, ಆ ಮನುಷ್ಯ ನಿಮಗೆ ಮೋಸ ಮಾಡಲು ಹೀಗೆ ಹೇಳಿದ ಎಂದುಕೊಳ್ಳಬೇಡಿ. ಪೂರ್ವ ಅಮೆರಿಕದ ಕಾಡುಗಳಲ್ಲಿ ಒಳ್ಳೆ ಮರ, ಕೆಟ್ಟ ಮರ ಅನ್ನುವ ಪಟ್ಟಿ ಸಾಮಿಲ್‌ಗಳ ಲೆಕ್ಕದಿಂದ ಬಂದದ್ದು. ನೆಟ್ಟಗೆ ಬೆಳೆಯುವ, ಹಲಗೆಗೆ ರೇಟು ಸಿಗುವ ಓಕ್, ವಾಲ್‌ನಟ್, ಪಾಪ್ಲರ್ ಒಳ್ಳೆಯವು. ಸೊಟ್ಟಗೆ ಬೆಳೆಯುವ, ಗಾತ್ರಕ್ಕೆ ಬಾರದ, ಸೀಳಿದರೆ ಸೀಳದ ಮರಗಳೆಲ್ಲ ಕಳೆ. ಅಂಥವುಗಳ ತೊಗಟೆಯನ್ನು ಸುತ್ತಲೂ ಕೆತ್ತಿ ನಿಂತಲ್ಲೇ ಸಾಯಿಸಿ ಎಂದು ಅರಣ್ಯ ತಜ್ಞರೇ ದಶಕಗಳ ಕಾಲ ಜಮೀನುದಾರರಿಗೆ ಹೇಳಿಕೊಟ್ಟರು. ನಮ್ಮ ಕಡೆಯೂ ತೇಗ, ಬೀಟೆ ಬಿಟ್ಟು ಉಳಿದದ್ದನ್ನು ಡಿಪೋದಲ್ಲಿ 'ಜಂಗಲ್‌ವುಡ್' ಎಂದು ಒಂದೇ ರಾಶಿಗೆ ಹಾಕುತ್ತಿದ್ದರು, ಅಲ್ವಾ? ಅದೇ ಲೆಕ್ಕ. ಮರ ಮಾರಿ ಬದುಕುವವನಿಗೆ ಆ ಲೆಕ್ಕ ಸರಿ. ನೀವು ಮರ ಮಾರಲು ಹೊರಟಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗಳೇ ಬೇರೆ: ಇದು ಮನೆ ಮೇಲೆ ಬೀಳುತ್ತದಾ? ಇದನ್ನು ಯಾರು ತಿನ್ನುತ್ತಾರೆ? ಇದನ್ನು ಕಡಿದರೆ ಇದರ ಜಾಗಕ್ಕೆ ಏನು ಬರುತ್ತದೆ? ಮೂರನೆಯದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಕಾಡು ಹಳೇ ಕಾಡಲ್ಲ. ಆ ಭಾಗದ ಬಹುಪಾಲು ಜಾಗ ಒಂದು ಕಾಲಕ್ಕೆ ಹೊಲ, ಹುಲ್ಲುಗಾವಲು. ಉಳುಮೆ ನಿಂತ ಮೇಲೆ ಮರಗಳು ತಾವಾಗಿ ಬಂದವು. ಆಕೊಕ್ವಾನ್ ಜಲಾಶಯದ ನೀರು ಕೆಡಬಾರದು ಎಂದು ಕೌಂಟಿ 1982ರಲ್ಲಿ ಅಲ್ಲಿ ಐದು ಎಕರೆಗೊಂದೇ ಮನೆ ಎಂದು ನಿಯಮ ಮಾಡಿತು. ನಿಮ್ಮ ಹಿತ್ತಲಿನಲ್ಲಿ ಕಾಡು ಉಳಿದಿರುವುದಕ್ಕೆ ಅದೂ ಒಂದು ಕಾರಣ. ಪಾಳು ಹೊಲಕ್ಕೆ ಮೊದಲು ಬರುವುದು ರೆಡ್‌ಸೀಡರ್. ಹೆಸರು ಸೀಡರ್, ಜಾತಿ ಜೂನಿಪರ್. ಹಕ್ಕಿಗಳು ಹಣ್ಣು ತಿಂದು ಬೇಲಿಸಾಲಿನ ಮೇಲೆ ಕೂತು ಬೀಜ ಉದುರಿಸುತ್ತವೆ. ಅದಕ್ಕೇ ಕಾಡಿನ ಮಧ್ಯೆ ಸೀಡರ್‌ಗಳು ನೇರ ಸಾಲಾಗಿ ನಿಂತಿದ್ದರೆ ಅಲ್ಲಿ ಹಿಂದೆ ಬೇಲಿ ಇತ್ತು ಅಂತಲೇ ತಿಳಿಯಿರಿ. ಒಂದು ಕಾಲಕ್ಕೆ ಅಮೆರಿಕದ ಪೆನ್ಸಿಲ್‌ಗಳೆಲ್ಲ ಈ ಕಟ್ಟಿಗೆಯಿಂದಲೇ ಆಗುತ್ತಿದ್ದವು. ಫ್ಲಾರಿಡಾದ ಸೀಡರ್ ಕೀ ಅನ್ನುವ ಊರು ಪೆನ್ಸಿಲ್ ಕಂಪನಿಗಳಿಗೆ ಕಟ್ಟಿಗೆ ಕುಯ್ದೇ ಬೆಳೆಯಿತು. ಒಳ್ಳೆ ಮರ ಖಾಲಿಯಾಗುತ್ತಾ ಬಂದಿತ್ತು, 1896ರ ಚಂಡಮಾರುತ ಮಿಲ್‌ಗಳನ್ನೂ ಕೊಚ್ಚಿಹಾಕಿತು. ಇವತ್ತು ಇದೇ ಮರ ಮಧ್ಯ ಅಮೆರಿಕದ ಹುಲ್ಲುಗಾವಲುಗಳಲ್ಲಿ ನಿಜಕ್ಕೂ ತಲೆನೋವು. ನಿಮ್ಮಲ್ಲಿ ಹಾಗಿಲ್ಲ. ದೊಡ್ಡ ಮರಗಳ ನೆರಳಿಗೆ ಅದು ತಾನಾಗಿ ಸಾಯುತ್ತದೆ. ಅಂಚಿನಲ್ಲಿ ಬಿಸಿಲು ಸಿಕ್ಕ ನಾಲ್ಕಾರು ಉಳಿದರೆ ಚಳಿಗಾಲದಲ್ಲಿ ಹಕ್ಕಿಗಳಿಗೆ ಹಣ್ಣೂ ಉಂಟು, ಮರೆಯೂ ಉಂಟು. ಹತ್ತಿರದಲ್ಲಿ ಸೇಬಿನ ಗಿಡ ಹಾಕುವ ಯೋಚನೆ ಇದ್ದರೆ ಮಾತ್ರ ಎಚ್ಚರ. ಸೇಬಿನ ಎಲೆಗೆ ಬರುವ ತುಕ್ಕು ರೋಗ ಈ ಮರದಲ್ಲೇ ಅರ್ಧ ಜೀವನ ಕಳೆಯುತ್ತದೆ.

ಈಗ ಬ್ಲ್ಯಾಕ್‌ಗಮ್. ಪಟ್ಟಿಯಲ್ಲಿ ಇದನ್ನು ನೋಡಿ ನನಗೆ ಬೇಜಾರಾಯಿತು. ಇದರ ಕಟ್ಟಿಗೆಯ ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಕೊಡಲಿಗೆ ಸೀಳುವುದಿಲ್ಲ. ಹಲಗೆ ಮಾಡಿದರೆ ಒಣಗುವಾಗ ತಿರುಚಿಕೊಳ್ಳುತ್ತದೆ. ವಯಸ್ಸಾದಂತೆ ಒಳಗೆ ಟೊಳ್ಳಾಗುತ್ತದೆ. ದಕ್ಷಿಣದ ರೈತರು ಆ ಟೊಳ್ಳು ಕಾಂಡವನ್ನು ತುಂಡು ಮಾಡಿ ಜೇನುಗೂಡಿಗೆ ಇಟ್ಟುಕೊಳ್ಳುತ್ತಿದ್ದರು. ಯಾರಿಗೂ ಬೇಡವಾದದ್ದೇ ಇದಕ್ಕೆ ವರವಾಯಿತು. ನ್ಯೂ ಹ್ಯಾಂಪ್‌ಶೈರ್‌ನ ಜೌಗು ಜಾಗಗಳಲ್ಲಿ 600 ವರ್ಷ ದಾಟಿದ ಬ್ಲ್ಯಾಕ್‌ಗಮ್‌ಗಳು ಸಿಕ್ಕಿವೆ. ಸುತ್ತಲಿನ ಬೆಲೆಬಾಳುವ ಮರಗಳೆಲ್ಲ ಸಾಮಿಲ್‌ಗೆ ಹೋದವು, ಇವು ನಿಂತಲ್ಲೇ ನಿಂತವು.

ಇದನ್ನು ಗುರುತಿಸಲು ಆಗಸ್ಟ್ ಕೊನೆಯಲ್ಲಿ ಕಾಡಿಗೆ ಹೋಗಿ. ಉಳಿದ ಮರಗಳೆಲ್ಲ ಇನ್ನೂ ಹಸಿರಾಗಿರುವಾಗ ಇದರ ಕೆಲವು ಎಲೆಗಳು ಆಗಲೇ ಕಡುಗೆಂಪಾಗಿರುತ್ತವೆ. ಕೊಂಬೆಗಳು ಕಾಂಡಕ್ಕೆ ಹೆಚ್ಚುಕಮ್ಮಿ ಅಡ್ಡಡ್ಡ ಹೊರಟಿರುತ್ತವೆ. ಹೆಣ್ಣು ಮರವಾದರೆ ಕಪ್ಪು-ನೀಲಿ ಬಣ್ಣದ ಸಣ್ಣ ಹಣ್ಣು ಇರುತ್ತದೆ. ಅದರಲ್ಲಿ ಕೊಬ್ಬು ಜಾಸ್ತಿ. ದಕ್ಷಿಣಕ್ಕೆ ಸಾವಿರಾರು ಮೈಲಿ ಹಾರಬೇಕಾದ ಥ್ರಶ್ ಹಕ್ಕಿಗಳು ಆ ಹೊತ್ತಿಗೆ ಸರಿಯಾಗಿ ಬರುತ್ತವೆ. ಬೇಗ ಕೆಂಪಾಗುವ ಎಲೆ ಹಕ್ಕಿಗಳಿಗೆ 'ಇಲ್ಲಿ ಹಣ್ಣಿದೆ' ಎಂದು ತೋರಿಸುವ ಬಾವುಟ ಎಂದು ಕೆಲವು ವಿಜ್ಞಾನಿಗಳ ಊಹೆ. ಊಹೆ ಏನೇ ಇರಲಿ, ಹಣ್ಣು ಒಂದೆರಡು ವಾರದಲ್ಲಿ ಖಾಲಿ. ಈ ಮರವನ್ನು ದುಡ್ಡು ಕೊಟ್ಟು ನರ್ಸರಿಯಿಂದ ತಂದು ನೆಡುವವರಿದ್ದಾರೆ. ನಿಮ್ಮಲ್ಲಿ ಪುಕ್ಕಟೆ ಬಂದಿದೆ. ಬಿಡಿ, ಇರಲಿ.

ರೆಡ್ ಮೇಪಲ್ ವಿಚಾರ ಇಷ್ಟು ಸುಲಭ ಇಲ್ಲ. ಇಲ್ಲಿ ಕಡಿಯುವವನ ಮಾತಿನಲ್ಲಿ ಸತ್ಯ ಇದೆ. ಮೊದಲು ಈ ಮರ ಜೌಗು ಪ್ರದೇಶಕ್ಕೆ, ಹಳ್ಳದ ಬದಿಗೆ ಸೀಮಿತವಾಗಿತ್ತು. ಈಗ ಪೂರ್ವದ ಕಾಡುಗಳಲ್ಲಿ ಎಲ್ಲಿ ನೋಡಿದರೂ ಇದೇ. ಕಾರಣ ಬೆಂಕಿ. ಮೂಲನಿವಾಸಿಗಳು ಕಾಡಿನ ನೆಲಕ್ಕೆ ಆಗಾಗ ಬೆಂಕಿ ಕೊಡುತ್ತಿದ್ದರು. ದಪ್ಪ ತೊಗಟೆಯ ಓಕ್ ಅದನ್ನು ತಡೆದುಕೊಳ್ಳುತ್ತಿತ್ತು. ತೆಳು ತೊಗಟೆಯ ಮೇಪಲ್ ಸಸಿ ಸಾಯುತ್ತಿತ್ತು. ಇಪ್ಪತ್ತನೇ ಶತಮಾನದಲ್ಲಿ ಸರ್ಕಾರ ಕಾಡಿನ ಬೆಂಕಿಯನ್ನೇ ನಿಲ್ಲಿಸಿತು. ಮೇಪಲ್ ನೆರಳಿನಲ್ಲೂ ಬೆಳೆಯುತ್ತದೆ, ಓಕ್ ಸಸಿಗೆ ಬಿಸಿಲು ಬೇಕು. ಓಕ್ ಎಲೆ ಒಣಗಿ ಮುದುರಿ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಮೇಪಲ್ ಎಲೆ ತೆಳ್ಳಗೆ ನೆಲಕ್ಕಂಟಿಕೊಂಡು ತೇವ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಮೇಪಲ್ ಬಂದಷ್ಟೂ ಕಾಡು ತಂಪಾಗಿ, ಒದ್ದೆಯಾಗಿ, ಇನ್ನಷ್ಟು ಮೇಪಲ್‌ಗೇ ಅನುಕೂಲವಾಗುತ್ತದೆ. 2008ರಲ್ಲಿ ಗ್ರೆಗರಿ ನೊವಾಕಿ ಮತ್ತು ಮಾರ್ಕ್ ಏಬ್ರಮ್ಸ್ ಈ ಚಕ್ರವನ್ನು ವಿವರವಾಗಿ ಬರೆದರು. ಅಂದಿನಿಂದ ಅರಣ್ಯ ತಜ್ಞರಲ್ಲಿ ಅನೇಕರಿಗೆ ಮೇಪಲ್ ಕಂಡರೆ ಸಿಟ್ಟು.

ಸಿಟ್ಟಿಗೆ ಕಾರಣ ಇದೆ, ಒಪ್ಪುತ್ತೇನೆ. ಆದರೆ ಎಲ್ಲ ಮೇಪಲ್‌ಗಳನ್ನು ಕಡಿದುಬಿಟ್ಟರೆ ಓಕ್ ಬರುತ್ತದಾ? ಬರುವುದಿಲ್ಲ. ಕಡಿದ ಮೇಪಲ್‌ನ ಬುಡದಿಂದ ಮುಂದಿನ ವಸಂತಕ್ಕೇ ಗುಂಪುಗುಂಪಾಗಿ ಚಿಗುರು ಏಳುತ್ತದೆ. ಓಕ್ ಸಸಿ ಬಂದರೆ ಜಿಂಕೆ ತಿನ್ನುತ್ತದೆ. ಫೇರ್‌ಫ್ಯಾಕ್ಸ್‌ನಲ್ಲಿ ಜಿಂಕೆ ಎಷ್ಟಿವೆ ಅಂತ ನಿಮ್ಮ ಹೂಗಿಡಗಳೇ ಹೇಳಿರಬೇಕು. ಇನ್ನೊಂದು ಕಡೆ, ಮಾರ್ಚ್‌ನಲ್ಲಿ ಇನ್ನೂ ಚಳಿ ಇರುವಾಗಲೇ ರೆಡ್ ಮೇಪಲ್ ಹೂ ಬಿಡುತ್ತದೆ. ಗೂಡಿನಿಂದ ಹೊರಬಂದ ಜೇನುಗಳಿಗೆ ಆಗ ಪರಾಗ ಸಿಗುವ ಮರಗಳೇ ಕಡಿಮೆ. ಹಾಗಾಗಿ ಮೇಪಲ್‌ಗಳಲ್ಲಿ ಆರಿಸಿ ತೆಗೆಯಿರಿ. ಹೇಗೆ ಅಂತ ಕೊನೆಗೆ ಹೇಳುತ್ತೇನೆ.

ಅದಕ್ಕಿಂತ ಮೊದಲು ಪಕ್ಕದ ಮನೆಯ ಕುದುರೆಗಳ ವಿಷಯ. ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ರೆಡ್ ಮೇಪಲ್‌ನ ಬಾಡಿದ ಎಲೆ ಕುದುರೆಗೆ ವಿಷ. ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ, ಪ್ರಾಣ ಹೋಗಬಹುದು. ಬ್ಲ್ಯಾಕ್ ಚೆರ್ರಿಯ ಬಾಡಿದ ಎಲೆಯಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಅದು ಕುದುರೆ, ಹಸು, ಮೇಕೆ ಎಲ್ಲಕ್ಕೂ ಅಪಾಯ. ಅಂದರೆ ಮರ ನಿಂತಿರುವಾಗಿನ ಅಪಾಯಕ್ಕಿಂತ ಕಡಿದು ಬೇಲಿ ಪಕ್ಕ ಕೊಂಬೆ ರಾಶಿ ಹಾಕಿದಾಗಿನ ಅಪಾಯ ಜಾಸ್ತಿ. ಬೇಲಿ ಹತ್ತಿರ ಈ ಎರಡು ಮರಗಳನ್ನು ಮುಟ್ಟುವುದಿದ್ದರೆ ಎಲೆ ಉದುರಿದ ಮೇಲೆ ಚಳಿಗಾಲದಲ್ಲಿ ಮುಟ್ಟಿ. ಬಿರುಗಾಳಿಗೆ ಕೊಂಬೆ ಬಿದ್ದರೆ ಅದೇ ದಿನ ಎತ್ತಿ. ಪಕ್ಕದವರಿಗೂ ಒಂದು ಮಾತು ಹೇಳಿಡಿ.

ಬ್ಲ್ಯಾಕ್ ಚೆರ್ರಿಯ ಅದೃಷ್ಟ ಊರಿಗೊಂದು ರೀತಿ. ಪೆನ್ಸಿಲ್ವೇನಿಯಾದ ಅಲೆಘೆನಿ ಪ್ರಸ್ಥಭೂಮಿಯಲ್ಲಿ ನೆಟ್ಟಗೆ ಬೆಳೆದು ಪೀಠೋಪಕರಣಕ್ಕೆ ಹೋಗುವ ದುಬಾರಿ ಮರ. ಅಲ್ಲಿಂದ ದಕ್ಷಿಣಕ್ಕೆ ನಿಮ್ಮ ಕಡೆ ಬಂದರೆ ಸೊಟ್ಟ, ಗಂಟು, ಅಂಟು. ತೊಗಟೆ ನೋಡಿದರೆ ಸೀದ ಹಪ್ಪಳದ ಚೂರುಗಳನ್ನು ಅಂಟಿಸಿದ ಹಾಗಿರುತ್ತದೆ. ಏಪ್ರಿಲ್‌ನಲ್ಲಿ ಕವಲುಗಳಲ್ಲಿ ಬಿಳಿ ಬಲೆ ಕಟ್ಟಿಕೊಂಡು ಟೆಂಟ್ ಕ್ಯಾಟರ್‌ಪಿಲ್ಲರ್‌ಗಳು ಕೂರುತ್ತವೆ. ಜನ ಹೆದರಿ ಔಷಧಿ ಹೊಡೆಯುತ್ತಾರೆ. ಸುಮ್ನೆ ಬಿಡಿ. ಎಲೆಯೆಲ್ಲ ತಿಂದರೂ ಮರ ಮತ್ತೆ ಚಿಗುರುತ್ತದೆ.

ಹುಳುಗಳ ಮಾತು ಬಂತಲ್ಲ, ಒಂದು ಲೆಕ್ಕ ಕೊಡುತ್ತೇನೆ. ಡೆಲವೇರ್ ವಿಶ್ವವಿದ್ಯಾಲಯದ ಡಗ್ಲಸ್ ಟಾಲಮಿ ಮತ್ತು ಅವರ ಸಹೋದ್ಯೋಗಿಗಳು ಯಾವ ಗಿಡದ ಎಲೆಯನ್ನು ಎಷ್ಟು ಜಾತಿಯ ಚಿಟ್ಟೆ-ಪತಂಗಗಳ ಮರಿಹುಳು ತಿನ್ನುತ್ತವೆ ಎಂದು ಪಟ್ಟಿ ಮಾಡಿದ್ದಾರೆ. ಅಮೆರಿಕದ ಪೂರ್ವ ಕರಾವಳಿಯ ಮಧ್ಯ ಭಾಗದಲ್ಲಿ ಓಕ್‌ಗಳಿಗೆ ಮೊದಲ ಸ್ಥಾನ, 500ಕ್ಕೂ ಜಾಸ್ತಿ ಜಾತಿ. ಚೆರ್ರಿ-ಪ್ಲಮ್ ಕುಲ 400ರ ಮೇಲೆ. ನಿಮ್ಮ ಕಡಿಯುವವರು ಉಳಿಸಿ ಎಂದ ಟ್ಯುಲಿಪ್ ಪಾಪ್ಲರ್? ಇಪ್ಪತ್ತರ ಆಸುಪಾಸು. ಪಾಪ್ಲರ್ ಕಡಿಯಿರಿ ಎಂದು ಹೇಳುತ್ತಿಲ್ಲ, ಅದರ ಹೂವಿನ ಜೇನು ಬಲು ಚೆನ್ನಾಗಿರುತ್ತದೆ. ಆದರೆ ಯಾವುದು ಜಂಕ್ ಅನ್ನುವ ಪಟ್ಟಿಯನ್ನು ಹಕ್ಕಿಯೊಂದು ಬರೆದಿದ್ದರೆ ಅದು ತಲೆಕೆಳಗಾಗಿರುತ್ತಿತ್ತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಿಮ್ಮ ಹತ್ತಿರದ ವಾಷಿಂಗ್ಟನ್ ಸುತ್ತಲಿನ ಹಿತ್ತಲುಗಳಲ್ಲೇ ನಡೆದದ್ದು. ಹಿತ್ತಲಿನ ಮರಗಿಡಗಳಲ್ಲಿ ಹೊರದೇಶದವುಗಳ ಪಾಲು ಶೇ 30 ದಾಟಿದರೆ ಕ್ಯಾರೊಲೈನಾ ಚಿಕಡೀ ಹಕ್ಕಿಗಳ ಸಂಖ್ಯೆ ಉಳಿಯುವಷ್ಟು ಮರಿಗಳು ಆಗುವುದಿಲ್ಲ ಎಂದು ಅದು ತೋರಿಸಿತು. ಮರಿಗಳಿಗೆ ಕೊಡಲು ಹುಳು ಸಾಲುವುದಿಲ್ಲ, ಅಷ್ಟೇ ಕಾರಣ.

ಈಗ ನಮ್ಮವರಿಗೆ ಇಷ್ಟವಾಗುವ ಮೂರು ಮರ. ಮೂರಕ್ಕೂ ನಮ್ಮೂರಿನಲ್ಲಿ ನೆಂಟರಿದ್ದಾರೆ.

ಸ್ಯಾಸಫ್ರಾಸ್ ದಾಲ್ಚಿನ್ನಿಯ ಕುಟುಂಬದ್ದು. ಒಂದೇ ಗಿಡದಲ್ಲಿ ಮೂರು ಥರದ ಎಲೆ: ಒಂದು ಸಾದಾ ಮೊಟ್ಟೆಯಾಕಾರ, ಒಂದಕ್ಕೆ ಪಕ್ಕದಲ್ಲಿ ಹೆಬ್ಬೆರಳು, ಇನ್ನೊಂದಕ್ಕೆ ಮೂರು ಹಾಲೆ. ಎಳೆ ಕಡ್ಡಿಯನ್ನು ಉಗುರಿನಿಂದ ಕೆರೆದು ಮೂಸಿ ನೋಡಿ, ಅನುಮಾನವೇ ಉಳಿಯುವುದಿಲ್ಲ. 1600ರ ದಶಕದ ಆರಂಭದಲ್ಲಿ ವರ್ಜೀನಿಯಾದಿಂದ ಇಂಗ್ಲೆಂಡಿಗೆ ಹಡಗು ಹತ್ತಿದ ಮೊದಲ ಸರಕುಗಳಲ್ಲಿ ಇದೂ ಒಂದು. ರೂಟ್ ಬಿಯರ್ ಅನ್ನುವ ಅಮೆರಿಕದ ತಂಪು ಪಾನೀಯಕ್ಕೆ ಮೂಲ ರುಚಿ ಇದರ ಬೇರಿನದೇ. ಬೇರಿನಲ್ಲಿರುವ ಸ್ಯಾಫ್ರೋಲ್ ಕ್ಯಾನ್ಸರ್ ತರಬಹುದು ಎಂದು 1960ರಲ್ಲಿ ಅದನ್ನು ಆಹಾರದಲ್ಲಿ ನಿಷೇಧಿಸಿದರು. ಹಾಗಾಗಿ ಕಷಾಯದ ಪ್ರಯೋಗ ಬೇಡ. ಬೇರಿನಿಂದ ಮರಿ ಎದ್ದು ಗುಂಪಾಗುವುದೇ ಇದರ ಮೇಲಿನ ದೂರು. ಹುಲ್ಲುಹಾಸಿಗೆ ನುಗ್ಗಿದ್ದನ್ನು ಮೋವರ್ ಹೊಡೆಯಿರಿ, ಕಾಡಿನೊಳಗಿನದನ್ನು ಬಿಡಿ. ಏಷ್ಯಾದ ದುಂಬಿಯೊಂದು 2002ರಲ್ಲಿ ಜಾರ್ಜಿಯಾದಲ್ಲಿ ಪತ್ತೆಯಾಯಿತು, ಅದು ಹರಡುವ ಲಾರೆಲ್ ವಿಲ್ಟ್ ರೋಗ ಈ ಕುಟುಂಬದ ಮರಗಳನ್ನು ಕೊಲ್ಲುತ್ತಾ ಬಂದಿದೆ. ಇದ್ದಕ್ಕಿದ್ದಂತೆ ಎಲೆ ಬಾಡಿ ಮರ ಒಣಗಿದರೆ ಎಕ್ಸ್‌ಟೆನ್ಷನ್ ಕಚೇರಿಗೆ (ರೈತರಿಗೆ, ತೋಟದವರಿಗೆ ಸಲಹೆ ಕೊಡುವ ಸ್ಥಳೀಯ ಕಚೇರಿ) ತಿಳಿಸಿ.

ಪರ್ಸಿಮನ್ ನಮ್ಮ ಬೀಡಿ ಎಲೆಯ ತೂಬರೆ ಮರದ ಕುಲದ್ದೇ. ಕಟ್ಟಿಗೆ ಎಷ್ಟು ಗಟ್ಟಿ ಅಂದರೆ ಲೋಹದವು ಬರುವ ತನಕ ಗಾಲ್ಫ್ ಕೋಲಿನ ತಲೆ ಇದರಿಂದಲೇ ಆಗುತ್ತಿತ್ತು. ಕಾಯಿ ಕಚ್ಚಿದರೆ ಬಾಯೆಲ್ಲ ಒಗರು, ನಾಲಿಗೆ ಹಿಡಿದುಕೊಳ್ಳುತ್ತದೆ. ನೆಲಕ್ಕೆ ಬಿದ್ದು ಮೆತ್ತಗಾದ, ಸಿಪ್ಪೆ ಸುಕ್ಕಾದ ಹಣ್ಣು ಮಾತ್ರ ತಿನ್ನಿ. ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡದ ಮರ 'ದಂಡ' ಎಂದು ಕಡಿದರೆ ಪಕ್ಕದ ಮರವೂ ಕಾಯಿ ಬಿಡದೆ ಹೋಗಬಹುದು.

ಇನ್ನು ಆ 'ಪೊದೆ'. ಪಾಪಾ ಅಂದರೆ ನಮ್ಮ ಪರಂಗಿ ಅಂದುಕೊಳ್ಳಬೇಡಿ, ಇದು ಸೀತಾಫಲದ ಕುಟುಂಬ. ಆ ಕುಟುಂಬದ ಬಹುಪಾಲು ಮರಗಳು ಬಿಸಿ ದೇಶದವು, ಇದೊಂದು ಹಿಮ ಬೀಳುವ ಊರಿನಲ್ಲಿ ನೆಲೆಸಿದೆ. ಪೊಟೊಮ್ಯಾಕ್ ನದಿಯ ದಂಡೆಯುದ್ದಕ್ಕೂ ಯಥೇಚ್ಛವಾಗಿದೆ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಹಣ್ಣು. ಹೊರಗೆ ಹಸಿರು-ಹಳದಿ, ಮುಟ್ಟಿದರೆ ಮೆತ್ತಗೆ. ಅಡ್ಡ ಕೊಯ್ದರೆ ಹಳದಿ ತಿರುಳು, ಅದರಲ್ಲಿ ಕಂದು ಬಣ್ಣದ ದೊಡ್ಡ ಚಪ್ಪಟೆ ಬೀಜಗಳು. ಚಮಚದಲ್ಲಿ ತೋಡಿ ತಿನ್ನಬೇಕು. ರಾಮಫಲ ತಿಂದು ಬೆಳೆದವರಿಗೆ ರುಚಿ ಗುರುತು ಸಿಗುತ್ತದೆ, ಬಾಳೆಹಣ್ಣಿನ ವಾಸನೆ ಮಾತ್ರ ಹೊಸದು. ಸಿಪ್ಪೆ, ಬೀಜ ತಿನ್ನಬೇಡಿ. ಹಣ್ಣು ಕೂಡ ಮೊದಲ ಸಲ ಸ್ವಲ್ಪವೇ ತಿನ್ನಿ, ಕೆಲವರಿಗೆ ಹೊಟ್ಟೆ ಕೆಡುತ್ತದೆ. ಕಿತ್ತ ಎರಡು-ಮೂರು ದಿನಕ್ಕೆ ಕಪ್ಪಾಗುವುದರಿಂದ ಅಂಗಡಿಗೆ ಬರುವುದಿಲ್ಲ. ಅಮೆರಿಕದ ಪಶ್ಚಿಮವನ್ನು ಶೋಧಿಸಲು ಹೋಗಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ 1806ರ ಸೆಪ್ಟೆಂಬರ್‌ನಲ್ಲಿ ಹಿಂದಿರುಗುವಾಗ ದಿನಸಿ ಮುಗಿದು ಇದನ್ನೇ ತಿಂದು ದಿನ ದೂಡಿತು. ಜೀಬ್ರಾ ಸ್ವಾಲೋಟೇಲ್ ಅನ್ನುವ ಕಪ್ಪು-ಬಿಳಿ ಪಟ್ಟೆಯ ಚಿಟ್ಟೆಯ ಮರಿಹುಳು ಈ ಕುಲದ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. ನಿಮ್ಮ ಗುಂಪು ಹೂ ಬಿಟ್ಟೂ ಕಾಯಿ ಕಟ್ಟದಿದ್ದರೆ ಅಷ್ಟೂ ಒಂದೇ ಬೇರಿನ ಮರಿಗಳಿರಬೇಕು. ಬೇರೆ ಕಡೆಯಿಂದ ಒಂದೆರಡು ಸಸಿ ತಂದು ಪಕ್ಕದಲ್ಲಿ ನೆಡಿ.

ಹಾಪ್‌ಹಾರ್ನ್‌ಬೀಮ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ನೆರಳಿನಲ್ಲಿ ನಿಧಾನಕ್ಕೆ ಬೆಳೆಯುವ ಚಿಕ್ಕ ಮರ, ಸಣ್ಣ ಪಟ್ಟಿಗಳಾಗಿ ಏಳುವ ತೊಗಟೆ, ಕಬ್ಬಿಣದಂಥ ಕಟ್ಟಿಗೆ. ಓಕ್‌ಗೆ ಯಾವ ರೀತಿಯಲ್ಲೂ ಪೈಪೋಟಿ ಕೊಡುವ ಎತ್ತರಕ್ಕೆ ಬರುವುದಿಲ್ಲ. ಯಾಕೆ ಪಟ್ಟಿಗೆ ಸೇರಿಸಿದರೋ.

ಬಾಕ್ಸ್‌ಎಲ್ಡರ್ ಪರ ವಾದ ಮಾಡುವುದು ಕಷ್ಟ. ಇದೂ ಮೇಪಲ್ಲೇ, ಆದರೆ ಮೆತು ಕಟ್ಟಿಗೆ, ಗಾಳಿಗೆ ಮುರಿಯುವ ಕೊಂಬೆ. ಹೆಣ್ಣು ಮರ ಮನೆ ಹತ್ತಿರ ಇದ್ದರೆ ಚಳಿ ಶುರುವಾಗುತ್ತಿದ್ದಂತೆ ಕಪ್ಪು-ಕೆಂಪು ಬಾಕ್ಸ್‌ಎಲ್ಡರ್ ತಿಗಣೆಗಳು ಬಿಸಿಲು ಬೀಳುವ ಗೋಡೆ ತುಂಬ ಕೂತು ಸಂದಿಯಲ್ಲಿ ಒಳಗೆ ಬರುತ್ತವೆ. ಕಚ್ಚುವುದಿಲ್ಲ, ರೇಜಿಗೆ ಅಷ್ಟೇ. ಚಾವಣಿಗೆ, ಕಾರು ನಿಲ್ಲಿಸುವ ಜಾಗಕ್ಕೆ ಬೀಳುವಂತಿದ್ದರೆ ತೆಗೆಸಿ, ಎರಡು ಮಾತಿಲ್ಲ. ಹಳ್ಳದ ದಂಡೆಯಲ್ಲಿರುವುದನ್ನು ಬಿಡಿ. 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ದುಂಬಿ ಪೂರ್ವದ ಹಳ್ಳಗಳ ದಂಡೆಯಲ್ಲಿದ್ದ ಆ್ಯಶ್ ಮರಗಳಲ್ಲಿ ಬಹುಪಾಲನ್ನು ಒಣಗಿಸಿದೆ. ಮಣ್ಣು ಹಿಡಿದು ನಿಲ್ಲಲು ಬಾಕ್ಸ್‌ಎಲ್ಡರ್‌ನಂಥವೇ ಗತಿ. ಅಂದಹಾಗೆ ಇದರ ಸಸಿಗೂ ಪಾಯ್ಸನ್ ಐವಿಗೂ ಮೂರೆಲೆ. ಎಲೆಗಳು ಕಾಂಡದ ಮೇಲೆ ಎದುರುಬದುರು ಇದ್ದರೆ ಬಾಕ್ಸ್‌ಎಲ್ಡರ್. ಒಂದಾದ ಮೇಲೊಂದು ಆಚೀಚೆ ಬಂದಿದ್ದರೆ ಐವಿ, ಮುಟ್ಟಬೇಡಿ. ಮಕ್ಕಳಿಗೆ ಇದನ್ನು ಮೊದಲು ಕಲಿಸಿ.

ಈಗ ಆ ಮೂರನೇ ಪ್ರಶ್ನೆ. ಇವನ್ನೆಲ್ಲ ಕಡಿದರೆ ಏನು ಬರುತ್ತದೆ? ನೆಲಕ್ಕೆ ಬಿಸಿಲು ಬಿದ್ದ ಮೊದಲ ಬೇಸಿಗೆಗೇ ಸ್ಟಿಲ್ಟ್‌ಗ್ರಾಸ್ ಹಾಸಿಕೊಳ್ಳುತ್ತದೆ. ಏಷ್ಯಾದ ಈ ಹುಲ್ಲು 1919ರಲ್ಲಿ ಟೆನೆಸಿಯಲ್ಲಿ ಮೊದಲು ಕಂಡಿತು. ಪಿಂಗಾಣಿ ಸಾಮಾನು ಒಡೆಯದಿರಲಿ ಎಂದು ಸುತ್ತಿದ್ದ ಹುಲ್ಲಿನ ಜೊತೆ ಬಂದಿರಬೇಕು ಎನ್ನುತ್ತಾರೆ. ಜಿಂಕೆ ಇದನ್ನು ಮುಟ್ಟುವುದಿಲ್ಲ, ಪಕ್ಕದ ಓಕ್ ಸಸಿಯನ್ನು ತಿನ್ನುತ್ತದೆ. ಹಿಂದೆಯೇ ಹೊರದೇಶದ ಗಿಡಮರಗಳಾದ ಆಟಮ್ ಆಲಿವ್, ಕ್ಯಾಲರಿ ಪೇರ್, ಆಮೇಲೆ ಟ್ರೀ ಆಫ್ ಹೆವನ್. ಕೊನೆಯದು 1784ರಲ್ಲಿ ಫಿಲಡೆಲ್ಫಿಯಾಕ್ಕೆ ಅಲಂಕಾರಕ್ಕೆಂದು ಬಂದ ಚೀನಾ ಮರ. ಅಗರಬತ್ತಿಗೆ ಹಾಕುವ ನಮ್ಮ ಹಾಲುಮಡ್ಡಿ ಕೊಡುವ ಮರವೂ ಅದೇ ಕುಲದ್ದು, ಆದರೆ ಗುಣ ಬೇರೆ. 2014ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿ 2018ಕ್ಕೆ ವರ್ಜೀನಿಯಾದ ವಿಂಚೆಸ್ಟರ್ ತಲುಪಿದ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಅನ್ನುವ ಪೀಡೆ ಕೀಟಕ್ಕೆ ಟ್ರೀ ಆಫ್ ಹೆವನ್ ಅಚ್ಚುಮೆಚ್ಚು. ದುಡ್ಡು ಕೊಟ್ಟು ಸ್ಥಳೀಯ ಮರ ತೆಗೆಸಿ ಇವನ್ನು ಬರಮಾಡಿಕೊಂಡ ಹಾಗಾಗುತ್ತದೆ.

ಹಾಗಾದರೆ ಮಾಡುವುದೇನು? ಎಲೆ ಇರುವಾಗಲೇ ಒಂದು ಸುತ್ತು ಹೋಗಿ, ಬಣ್ಣದ ರಿಬ್ಬನ್ ಕಟ್ಟಿ. ಮೊದಲ ದುಡ್ಡು ಮನೆ, ದಾರಿ, ಬೇಲಿ ಮೇಲೆ ಬೀಳುವಂಥ ಸತ್ತ ಮರಗಳಿಗೆ, ಅದರಲ್ಲೂ ಒಣಗಿದ ಆ್ಯಶ್‌ಗೆ. ಅದು ಬೇಗ ಪೆಡಸಾಗಿ ಮುರಿಯುತ್ತದೆ, ತಡ ಮಾಡಿದಷ್ಟೂ ಹತ್ತುವವರಿಗೂ ಅಪಾಯ. ದೂರದಲ್ಲಿ ಒಣಗಿ ನಿಂತದ್ದನ್ನು ಮರಕುಟಿಗಗಳಿಗೆ ಬಿಡಿ. ಎರಡನೆಯ ದುಡ್ಡು ಟ್ರೀ ಆಫ್ ಹೆವನ್‌ಗೆ. ಎಲೆ ಉಜ್ಜಿದರೆ ಹಳಸಿದ ಕಡಲೆಬೀಜದ ವಾಸನೆ ಬರುತ್ತದೆ. ಅದನ್ನು ಸುಮ್ಮನೆ ಕಡಿಯಬಾರದು, ಬೇರಿನಿಂದ ನೂರು ಮರಿ ಏಳುತ್ತದೆ. ಜುಲೈನಿಂದ ಎಲೆ ಬಣ್ಣ ತಿರುಗುವ ತನಕ ಕಾಂಡದಲ್ಲಿ ಕಚ್ಚು ಹಾಕಿ ಕಳೆನಾಶಕ ಬಿಡಿಸಿ, ಪೂರ್ತಿ ಸತ್ತ ಮೇಲೆ ಕಡಿಸಿ.

ಆಮೇಲೆ ಓಕ್. ಚೆನ್ನಾಗಿ ಬೆಳೆಯುತ್ತಿರುವ ಹತ್ತು ಓಕ್ ಆರಿಸಿ, ಕತ್ತೆತ್ತಿ ನೋಡಿ. ಅದರ ತಲೆಗೆ ತಾಗಿಕೊಂಡಿರುವ, ಅದೇ ಎತ್ತರದ ಮರ ಯಾವುದೋ ಅದನ್ನು ಮಾತ್ರ ತೆಗೆಯಿರಿ. ಬಹಳ ಸಲ ಅದು ಮೇಪಲ್ ಆಗಿರುತ್ತದೆ, ಕೆಲವು ಸಲ ಪಾಪ್ಲರ್ ಕೂಡ. ಕೆಳಗಿನ ಹಂತದಲ್ಲಿರುವ ಚಿಕ್ಕ ಮರಗಳಿಂದ ಓಕ್‌ನ ಬಿಸಿಲಿಗೆ ತೊಂದರೆ ಇಲ್ಲ. ಹಳ್ಳ ವರ್ಷವಿಡೀ ಹರಿಯುವಂಥದ್ದಾದರೆ ಎರಡೂ ಬದಿ 100 ಅಡಿ ಚೆಸಪೀಕ್ ಕೊಲ್ಲಿಯ ರಕ್ಷಣಾ ಕಾಯ್ದೆಗೆ ಒಳಪಟ್ಟಿರುತ್ತದೆ. ಕೌಂಟಿಯನ್ನು ಕೇಳದೆ ಅಲ್ಲಿ ಕೊಡಲಿ ಹಾಕಿಸಬೇಡಿ, ದಂಡ ನಿಮ್ಮ ಹೆಸರಿಗೆ ಬರುತ್ತದೆ. ಕಂಪನಿಯವರ ಕೊಟೇಶನ್‌ನಲ್ಲಿ 'ಜಂಕ್ ಮರ ತೆಗೆಯುವುದು' ಎಂದು ಬರೆದಿದ್ದರೆ ಒಪ್ಪಬೇಡಿ. ರಿಬ್ಬನ್ ಕಟ್ಟಿದ ಮರಗಳ ಜಾತಿ, ಸಂಖ್ಯೆ ಬರೆಯಲಿ. ಕೊಡುವ ಸಲಹೆಗೂ ಕಡಿಯುವ ಕೂಲಿಗೂ ಸಂಬಂಧ ಇಲ್ಲದ ಒಬ್ಬ ಸರ್ಟಿಫೈಡ್ ಆರ್ಬರಿಸ್ಟ್ (ಪ್ರಮಾಣಪತ್ರ ಪಡೆದ ಮರ ತಜ್ಞ) ಬಂದು ನೋಡಿದರೆ ಇನ್ನೂ ಒಳ್ಳೆಯದು.

ಹೊಸ ಓಕ್ ಸಸಿ ನೆಟ್ಟರೆ ಸುತ್ತ ಐದು ಅಡಿ ಎತ್ತರದ ತಂತಿ ಬಲೆ ಹಾಕಿ, ಇಲ್ಲದಿದ್ದರೆ ಅದು ಜಿಂಕೆಯ ಪಾಲು. ಪಾಪಾಗೆ ಆ ಖರ್ಚು ಬೇಕಿಲ್ಲ. ಅದರ ಎಲೆ ಜಿಂಕೆಗೆ ಹಿಡಿಸುವುದಿಲ್ಲ.